ಸ್ವಿಚ್ಚು ಒತ್ತಿದರೂ ದೀಪ ಹತ್ತದ ಕನಸು

“ಈ ಭಾನುವಾರ ಟೀವೀಲಿ ಹಾಕೋ ಹಳೇ ಸಿನಿಮಾನ, ಹೆಸರು ಬರೋದರಿಂದ ‘ಶುಭಂ’ವರೆಗೆ ಕಣ್ಣು ಮುಚ್ಚದೆ ನೋಡ್ತೀನಿ! ಇಲ್ಲದಿದ್ರೆ ನಾನು ನನ್ನಪ್ಪನ ಮಗನೇ ಅಲ್ಲ!”

ನಡುಮನೆಯ ನಟ್ಟನಡುವೆ ನಿಂತು ನಾನು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ನನ್ನಾಕೆ ಒಗೆದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ಅಯ್ಯೋ, ಮಲಗಿದ್ರೇನೇ ನೀವು ಅವರ ಮಗ! ಮಾವನವರು ಹೆಸರು ತೋರಿಸೋವಾಗಲೇ ಗೊರಕೆ ಶುರು ಮಾಡ್ತಿದ್ರು.”

ನಾನು ಕೆಲಸ ಮಾಡುವುದು ಹಾಸಿಗೆ, ದಿಂಬು ತಯಾರಿಸುವ ಕಾರ್ಖಾನೆಯ ಆಫೀಸಿನಲ್ಲಿ. ನಿದ್ದೆ ನನಗೆ ಚಟವಲ್ಲ, ವೃತ್ತಿಧರ್ಮ! ಇದನ್ನು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಅದಕ್ಕೇ ಈ ಪ್ರತಿಜ್ಞೆ. ಆಫೀಸಿನಲ್ಲೂ ಡಂಗುರ ಸಾರಿದ್ದೆ. ಅದು ನಮ್ಮ ಮ್ಯಾನೇಜರರ ಕಿವಿಗೂ ಬಿದ್ದಿತ್ತೆಂದು ಮಾತ್ರ ನನಗೆ ತಿಳಿದಿರಲಿಲ್ಲ. ನಾವು ಅವರಿಗೆ ಇಟ್ಟ ಹೆಸರು ‘ಗುಡುಗು’. ಅವರು ಕೆಮ್ಮಿದರೆ ಗೋದಾಮಿನಲ್ಲಿದ್ದ ಹತ್ತಿಯೂ ಬೆಚ್ಚಿಬೀಳುತ್ತಿತ್ತು.

ಭಾನುವಾರ ಮಧ್ಯಾಹ್ನ ಊಟ ಮುಗಿಯಿತು. ಥಿಯೇಟರಿನ ಗತ್ತು ಬರಲೆಂದು ಕಿಟಕಿಗಳಿಗೆಲ್ಲ ಪರದೆ ಎಳೆದೆ. ಕಪ್ಪು ಬಿಳುಪಿನ ಸಿನಿಮಾ ಶುರುವಾಯಿತು. ಕ್ರೂರಿ ರಾಜ, ರೋಷದ ಸೇನಾಪತಿ, ಮಾರುದ್ದ ಸಂಭಾಷಣೆ! ಕಣ್ಣಿಗೆ ತಣ್ಣೀರು ಹಾಕಿಕೊಂಡು ಗಟ್ಟಿಯಾಗಿಯೇ ಕುಳಿತಿದ್ದೆ. ಆದರೆ ನಿರ್ದೇಶಕ ನನ್ನ ಹಳೆಯ ವೈರಿ ಇರಬೇಕು. ಸೇನಾಪತಿಯನ್ನು ಒಂದು ಗುಹೆಗೆ ಕಳಿಸಿಬಿಟ್ಟ. ಅಲ್ಲಿ ಗಡ್ಡದ ಮುನಿಗಳು ಸಾಲಾಗಿ ಕುಳಿತು ಒಂದೇ ರಾಗದಲ್ಲಿ ಜಪ ಮಾಡುತ್ತಿದ್ದರು.

ಆ ರಾಗ ಕಿವಿಗೆ ಬಿದ್ದದ್ದೇ ತಡ, ನಾನು ನನ್ನ ಹರೆಯಕ್ಕೆ ಜಾರಿದೆ. ಆಗ ಒಂದು ಹೊಲಿಗೆ ಅಂಗಡಿಯ ಮಹಡಿಯಲ್ಲಿ ಜಪದ ತರಗತಿ ನಡೆಯುತ್ತಿತ್ತು. “ನೋಡುವವನೂ ನಾನೇ, ಕಾಣುವುದೂ ನಾನೇ” ಎಂದು ನಾವು ಹತ್ತಾರು ಹುಡುಗರು ಚಾಪೆಯ ಮೇಲೆ ಕುಳಿತು ಗುನುಗುತ್ತಿದ್ದೆವು. ಕೆಳಗೆ ಹೊಲಿಗೆ ಯಂತ್ರಗಳು ತಾಳ ಹಾಕುತ್ತಿದ್ದವು. ಜಪ ಎಲ್ಲಿ ಮುಗಿದು ಗೊರಕೆ ಎಲ್ಲಿ ಶುರುವಾಯಿತೆಂದು ಗುರುಗಳಿಗೂ ಗೊತ್ತಾಗುತ್ತಿರಲಿಲ್ಲ! ಇದನ್ನು ಜಪಿಸುತ್ತಾ ಮಲಗಿದರೆ ಕನಸಿನೊಳಗೂ ಎಚ್ಚರ ಇರುತ್ತದೆ ಎಂಬುದು ಅವರ ಮಾತು. “ಇದು ಕನಸು ಅಂತ ಕನಸಲ್ಲೇ ಗೊತ್ತಾದ್ರೆ ಮುಗೀತು, ನೀವೇ ಅದರ ಯಜಮಾನರು. ಅನುಮಾನ ಬಂದ್ರೆ ಸ್ವಿಚ್ಚು ಒತ್ತಿ ನೋಡಿ. ಕನಸಲ್ಲಿ ದೀಪ ಹತ್ತಲ್ಲ!”

ಸುಳ್ಳಲ್ಲ, ಒಂದು ಸಲ ನನಗೂ ಒಲಿದಿತ್ತು. ಮುಚ್ಚಿದ ಅಂಗಡಿಗಳ ಬೀದಿಯ ಮೇಲೆ, ವಿದ್ಯುತ್ ತಂತಿಗಳು ಹೊಟ್ಟೆಗೆ ತಾಗುವಷ್ಟು ಎತ್ತರದಲ್ಲಿ ಹಾರಿದ್ದೆ. ಎದ್ದ ಮೇಲೂ ಇಡೀ ದಿನ ಮೈ ಹಗುರಾಗಿತ್ತು. ಆಮೇಲೆ ಕೆಲಸ, ಮದುವೆ, ಮನೆ. ಮತ್ತೆ ಹಾರಲು ಆಗಲೇ ಇಲ್ಲ.

ಮುನಿಗಳ ಜೊತೆ ನಾನೂ ಗುನುಗಿದೆ. ಗುನುಗುತ್ತಾ ಮಲಗಿಬಿಟ್ಟೆ.

ಕಣ್ಣು ಬಿಟ್ಟಾಗ ಕೋಣೆ ಮಬ್ಬಾಗಿತ್ತು. ಟೀವಿ ಕಪ್ಪಾಗಿತ್ತು. ಎದುರಿನ ಬೆತ್ತದ ಕುರ್ಚಿಯಲ್ಲಿ ಸಾಕ್ಷಾತ್ ಗುಡುಗು ಕುಳಿತಿದ್ದರು! ಕೈಯಲ್ಲಿ ಬಿಸ್ಕತ್ತು. ನಮ್ಮ ಮನೆಗೆ ಅವರು? ಕನಸಿನಲ್ಲೂ ಸಾಧ್ಯವಿಲ್ಲ ಎಂದುಕೊಂಡವನಿಗೆ ಥಟ್ಟನೆ ಹೊಳೆಯಿತು: ಕನಸಿನಲ್ಲಿ ಮಾತ್ರ ಸಾಧ್ಯ! ಮೆಲ್ಲಗೆ ಎದ್ದು ಸ್ವಿಚ್ಚು ಒತ್ತಿದೆ. ದೀಪ ಹತ್ತಲಿಲ್ಲ. ಮತ್ತೆ ಒತ್ತಿದೆ. ಊಹೂಂ! ಗುರುಗಳೇ, ಧನ್ಯನಾದೆ!

“ಎದ್ರಾ? ಬನ್ನಿ, ಕೂತ್ಕೊಳ್ಳಿ,” ಎಂದರು ಗುಡುಗು.

“ಎಲವೋ!” ಎಂದೆ. ಸೇನಾಪತಿಯ ಗಂಟಲು ತಾನಾಗಿ ಬಂದಿತ್ತು. “ಕರೆಯದೆ ನನ್ನ ಕನಸಿಗೆ ನುಗ್ಗಿ, ನನಗೇ ಕೂತ್ಕೊಳ್ಳಿ ಅಂತೀಯಾ?”

ಅವರ ಬಿಸ್ಕತ್ತು ಬಾಯಿಯ ಹತ್ತಿರವೇ ನಿಂತಿತು. ನಾನು ಅದನ್ನು ಕಸಿದು ಕರುಂ ಎಂದು ಕಡಿದೆ. ಕನಸಿನ ಬಿಸ್ಕತ್ತು ಬಹಳ ರುಚಿಯಾಗಿತ್ತು.

ಬಹುದಿನದ ಸಂಕಟ ನನ್ನಲ್ಲಿ ಕುದಿಯುತ್ತಿತ್ತು. ನಾದಿನಿಗೆ ಮಗುವಾಗಿ ಅದು ತೆವಳುತ್ತಿದ್ದರೂ ನಾವಿನ್ನೂ ನೋಡಲು ಹೋಗಿರಲಿಲ್ಲ. “ಗುಡುಗು ರಜೆ ಕೊಟ್ರೆ ತಾನೇ?” ಎಂದು ಪ್ರತಿ ವಾರ ನಾನು ಮನೆಯಲ್ಲಿ ಗೋಳಾಡುತ್ತಿದ್ದೆ. ಎಲ್ಲವನ್ನೂ ಒಮ್ಮೆಲೇ ಕಕ್ಕಿದೆ: “ಪ್ರಜೆಗೆ ರಜೆ ಕೊಡದವನು ಎಂಥ ರಾಜ? ಜಗತ್ತಿಗೆಲ್ಲ ಹಾಸಿಗೆ ಮಾರುವ ನೀನು ನಮ್ಮನ್ನು ಮುಳ್ಳಿನ ಮೇಲೆ ಮಲಗಿಸಿದೆಯಲ್ಲೋ! ಕೊಡು ರಜೆ! ಇಲ್ಲವೇ ಇಳಿ, ಆ ಸಿಂಹಾಸನದಿಂದ!”

ಅಡುಗೆಮನೆಯಿಂದ ಚಹಾ ತಂದ ನನ್ನಾಕೆ ಬಾಗಿಲಲ್ಲೇ ಕಲ್ಲಾದಳು. “ರೀ! ಏನ್ರೀ ಇದು?”

“ಅಂಜಬೇಡ ಪ್ರಿಯೆ! ಮೊದಲು ನಾನು ಹಾರ್ತೀನಿ, ಆಮೇಲೆ ನಿನ್ನನ್ನೂ ಕರ್ಕೊಂಡು ಹೋಗ್ತೀನಿ!”

ಸೋಫಾ ಹತ್ತಿದೆ. ಕೈ ಚಾಚಿದೆ. ಹಾರಿದೆ!

ನಾನು ಗಾಳಿಯಲ್ಲಿದ್ದಾಗ ಕರೆಂಟು ಬಂತು.

ದೀಪ ಹತ್ತಿತು, ಫ್ಯಾನು ತಿರುಗಿತು, ನನ್ನಾಕೆ ನೆಲದ ಮೇಲೆ ಮಡಚಿಟ್ಟಿದ್ದ ಬಟ್ಟೆಗಳ ರಾಶಿಯ ಮೇಲೆ ನಾನು ಧೊಪ್ಪನೆ ಬಿದ್ದೆ. ಮಂಡಿ ಚುರ್ ಎಂದಿತು. ಆ ನೋವು ನೂರಕ್ಕೆ ನೂರು ಎಚ್ಚರದ್ದೇ! ನಾನು ಮಾತ್ರವಲ್ಲ, ನನ್ನ ಕೆಲಸವೂ ಬಿತ್ತು ಅಂದುಕೊಂಡೆ.

ನನ್ನಾಕೆ ತಡಬಡಾಯಿಸಿದಳು: “ಸಾರ್, ಇವರು... ಸಿನಿಮಾದ ಸೇನಾಪತಿ ಪಾರ್ಟು ಮಾಡಿ ತೋರಿಸಿದ್ರು. ನೀವು ಬಂದ ಖುಷಿಗೆ!”

ಗುಡುಗು ತಣ್ಣಗೆ ಹೇಳಿದರು: “ಹಳೇ ಸಿನಿಮಾ ಅಂದ್ರೆ ನನಗೆ ಪ್ರಾಣ. ನೋಡೋಣ ಅಂತಲೇ ಬಂದೆ, ನೀವು ಮಲಗಿದ್ರಿ, ಕರೆಂಟೂ ಹೋಯ್ತು. ಆದ್ರೆ ಈ ಸಿನಿಮಾ ಚಿಕ್ಕಂದಿನಿಂದ ನೋಡ್ತಾ ಇದೀನಮ್ಮ. ಸೇನಾಪತಿ ಎಲ್ಲೂ ರಜೆ ಕೇಳಲ್ಲ. ಹಾರೋದೂ ಇಲ್ಲ.”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮುಖದ ಮೇಲೆ ಬಿದ್ದಿದ್ದ ಲಂಗವನ್ನು ಸರಿಸಿ, ಜಪ, ಗುರುಗಳು, ಕನಸು, ಸ್ವಿಚ್ಚು ಎಲ್ಲವನ್ನೂ ಒದರಿದೆ. ಗುಡುಗು ಮುಖ ಬಿಗಿದುಕೊಂಡೇ ಕೇಳಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು. ಭುಜ ಕುಲುಕಿತು. ನಗು ಸಿಡಿದೇ ಬಿಟ್ಟಿತು! ಗುಡುಗು ನಗುವುದನ್ನು ಲೋಕದಲ್ಲಿ ಮೊದಲು ಕಂಡವರು ನಾವಿಬ್ಬರೇ ಇರಬೇಕು.

“ಅಲ್ರೀ, ಕನಸಿನ ಯಜಮಾನ ನೀವು. ರಾಜ್ಯ ಕೇಳಬಹುದಿತ್ತು, ರಾಣಿ ಕೇಳಬಹುದಿತ್ತು. ಕೇಳಿದ್ದು ಬರೀ ರಜೆಯೇ?” ಕಣ್ಣೊರೆಸಿಕೊಂಡು ಮುಂದುವರಿಸಿದರು. “ತಗೊಳ್ಳಿ, ಒಂದು ವಾರ ಹೋಗಿ ಬನ್ನಿ.”

ಹೋದ ಜೀವ ಬಂದಂತಾಯಿತು. ಬಟ್ಟೆಯ ರಾಶಿಯಲ್ಲೇ ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ. ಕಂಡೆಯಾ, ಗಂಡಸು ಅಂದರೆ ಹೀಗೆ!

ಅಷ್ಟರಲ್ಲಿ ಗುಡುಗು ಹುಬ್ಬು ಗಂಟಿಕ್ಕಿದರು. “ಆದ್ರೆ ಒಂದು ಅರ್ಥ ಆಗ್ತಿಲ್ಲ. ರಜೆ ಕೊಡಲಿಲ್ಲ, ಕೊಡಲಿಲ್ಲ ಅಂತ ಬೈದ್ರಲ್ಲ, ನೀವು ನನ್ನ ಹತ್ರ ರಜೆ ಕೇಳಿದ್ದು ಯಾವತ್ತು?”

ನಾನು ಫ್ಯಾನನ್ನು ನೋಡಿದೆ. ಎಷ್ಟೋ ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿದ್ದೆ. ಒಳಗಿನಿಂದ ಕೆಮ್ಮು ಕೇಳಿದ್ದೇ, ಹಿಂದಕ್ಕೆ ಬಂದುಬಿಡುತ್ತಿದ್ದೆ.

ನನ್ನಾಕೆ ಚಹಾದ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

“ಹೋಗ್ಲಿ ಬಿಡಿ ಸಾರ್,” ಎಂದಳು. “ನಿದ್ದೆಗಣ್ಣಲ್ಲಾದ್ರೂ ಬಾಯಿ ಬಿಟ್ರಲ್ಲ!”