ಅಧ್ಯಕ್ಷರು ಕಾಲಂ ಒಡೆದದ್ದು

ರಾಜೀವನಗರದ ನಾಲ್ಕು ಅಡ್ಡರಸ್ತೆಗಳ ನಿವಾಸಿಗಳ ಸಂಘಕ್ಕೆ ಏಕಾಂತಯ್ಯನವರು ಅಧ್ಯಕ್ಷರಾಗಿ ಆರು ವರ್ಷವಾಗಿತ್ತು. ಹೆಸರು ಏಕಾಂತವಾದರೂ ಅವರಿದ್ದ ಕಡೆ ಯಾರಿಗೂ ಏಕಾಂತ ಸಿಕ್ಕಿದ್ದಿಲ್ಲ. ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಮೇಲೆ, ಹೆಂಡತಿಯೊಬ್ಬಳ ಮೇಲೆ ನಡೆಸಬಹುದಾಗಿದ್ದ ಆಡಳಿತವನ್ನು ನೂರ ನಲವತ್ತು ಮನೆಗಳಿಗೆ ವಿಸ್ತರಿಸಿದ ಮಹಾನುಭಾವರು ಅವರು. (ಈ ವಿಸ್ತರಣೆಯಿಂದ ಅತ್ಯಂತ ಸುಖಪಟ್ಟವರು ಹೆಂಡತಿ ಬಸಮ್ಮನವರೇ.)

೨೦೦೫ರ ಬೇಸಿಗೆಯಲ್ಲಿ ಕಾರ್ಪೊರೇಟರ್ ವಸಂತಮ್ಮನವರು, ಈ ವರ್ಷ ನಿಮ್ಮ ಬೀದಿಗಳಿಗೆ ಒಂದೇ ಒಂದು ಕೆಲಸ ಮಾಡಿಸಿಕೊಡಬಲ್ಲೆ, ಯಾವುದೆಂದು ಜನರನ್ನೇ ಕೇಳಿ ಹೇಳಿ ಎಂದರು. ಏಕಾಂತಯ್ಯನವರ ಮೈ ಜುಮ್ಮೆಂದಿತು. ಕೇಳುವುದೇನು, ವೈಜ್ಞಾನಿಕ ಸಮೀಕ್ಷೆಯನ್ನೇ ಮಾಡುತ್ತೇನೆ ಎಂದು ಸಾರಿ, ‘ನಿಮಗಿರುವ ತೊಂದರೆಗಳೇನು? ಎಷ್ಟು ಬೇಕಾದರೂ ಬರೆಯಿರಿ’ ಎಂಬ ಫಾರಂ ಅಚ್ಚು ಹಾಕಿಸಿದರು. ಮನೆಮನೆಗೆ ಅಲೆದು ಅದನ್ನು ತುಂಬಿಸಿ ತಂದವರು ಬಸಮ್ಮ. ಮಹಿಳಾ ಸಮಾಜದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತಿದ್ದ ಕಾರಣ ಎಕ್ಸೆಲ್ಲಿಗೆ ಏರಿಸಿದವರೂ ಅವರೇ. ಅಧ್ಯಕ್ಷರು ಒಂದು ಫಾರಮ್ಮನ್ನೂ ಮುಟ್ಟಲಿಲ್ಲ. ತಾವು ನೋಡಬೇಕಾದ್ದು ಅಂತಿಮ ಫಲಿತಾಂಶ ಮಾತ್ರ ಎಂಬುದು ಅವರ ಅಭಿಪ್ರಾಯವಾಗಿತ್ತು.

ಆದರೆ ಒಂದೊಂದು ಮನೆಯ ಎಲ್ಲ ತೊಂದರೆಗಳೂ ಒಂದೇ ಕಿರಿದಾದ ಸೆಲ್ಲಿನಲ್ಲಿ ಪುಳಿಯೋಗರೆಯಂತೆ ಅದುಮಿಕೊಂಡು ಕುಳಿತಿದ್ದವು. ಕಣ್ಣಿಗೆ ಬೀಳುತ್ತಿದ್ದದ್ದು ಮೊದಲ ಒಂದೆರಡು ಪದ. ಉಳಿದದ್ದು ಒಳಗೇ ಗಪ್‌ಚಿಪ್. ಎಣಿಸಬೇಕಾದರೆ ಒಂದೊಂದು ತೊಂದರೆಗೂ ಒಂದೊಂದು ಕಾಲಂ ಬೇಕು. ಏಕಾಂತಯ್ಯನವರು ಮೂರು ದಿನ ಒಂದೊಂದು ಮನೆಯ ಮೊದಲ ತೊಂದರೆಯನ್ನಷ್ಟೇ ಕತ್ತರಿಸಿ ಅಂಟಿಸಿ ಹತ್ತೊಂಬತ್ತನೆಯ ಮನೆ ತಲುಪುವಷ್ಟರಲ್ಲಿ ಕಣ್ಣು ಕೆಂಡವಾಯಿತು. ಅದನ್ನು ಯಂತ್ರವೇ ಒಡೆದುಕೊಡುತ್ತದೆ ಎಂದು ಬಸಮ್ಮ ಅಡುಗೆಮನೆಯಿಂದಲೇ ತಿಳಿಸಿದರು. ಸರಿ, ಅಧ್ಯಕ್ಷರು ಪದಗಳ ನಡುವೆ ಎಲ್ಲೆಲ್ಲಿ ಖಾಲಿ ಜಾಗವಿದೆಯೋ ಅಲ್ಲೆಲ್ಲ ಒಡೆಯುವಂತೆ ಆಜ್ಞಾಪಿಸಿದರು. ‘ನಾಯಿ ಕಾಟ’, ‘ಸೊಳ್ಳೆ ಕಾಟ’, ‘ಹಂದಿ ಕಾಟ’ ಎಲ್ಲವೂ ಎರಡೆರಡು ಹೋಳಾಗಿ, ಬಡಾವಣೆಯ ಅತಿ ದೊಡ್ಡ ತೊಂದರೆ ಬರೀ ‘ಕಾಟ’ ಎಂದು ಬಂತು. ಅದೇನೂ ಪೂರ್ತಿ ಸುಳ್ಳಲ್ಲ ಎಂದರು ಬಸಮ್ಮ.

“ಖಾಲಿ ಜಾಗದಲ್ಲಲ್ಲ ಕಣ್ರೀ, ಅಲ್ಪವಿರಾಮ ಇರೋ ಕಡೆ ಒಡೀಬೇಕು.”

ಮಾತಿನಲ್ಲಿ ಒಂದು ದಿನವೂ ಅಲ್ಪವಿರಾಮ ಬಳಸದ ಏಕಾಂತಯ್ಯನವರಿಗೆ ಇದು ಹೊಸ ಜ್ಞಾನ. ಹೆಂಡತಿ ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಿಟ್ಟು, “ಮೊದ್ಲು ನೀವೊಬ್ರೇ ಒಡೆದು ನೋಡ್ಕೊಂಬುಡಿ” ಎಂದು ಎರಡು ಸಲ ಹೇಳಿದರು. ಅವರು ಒಪ್ಪಲಿಲ್ಲ. ಒಡೆದರೆ ಕಾರ್ಪೊರೇಟರ್ ಎದುರೇ ಒಡೆಯುವುದು. ಪಾರದರ್ಶಕತೆ ಎಂದರೆ ಅದು.

ಭಾನುವಾರ ಹತ್ತು ಗಂಟೆಗೆ ವಸಂತಮ್ಮನವರೂ ಸಂಘದ ಕಾರ್ಯದರ್ಶಿ ಕೃಷ್ಣಸ್ವಾಮಿಯವರೂ ಬಂದು, ಉಪ್ಪಿಟ್ಟು ಕೇಸರಿಭಾತು ಮುಗಿಸಿ, ಕಂಪ್ಯೂಟರಿನ ಮುಂದೆ ಕುಳಿತರು. ಅಧ್ಯಕ್ಷರು ಅರ್ಧ ಗಂಟೆ ಪೀಠಿಕೆ ಹಾಕಿ ಮೌಸ್ ಒತ್ತಿದರು. ನೂರ ನಲವತ್ತು ಮನೆಗಳ ಸಂಕಟ ಕ್ಷಣಮಾತ್ರದಲ್ಲಿ ಬಲಕ್ಕೆ ಸಾಲುಸಾಲಾಗಿ ಹರಡಿಕೊಂಡಿತು. ಸಂತೋಷ ತಡೆಯಲಾರದೆ ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಸಮ್ಮ ಕುಳಿತು ಸೂತ್ರ ಹಾಕಿ ಎಣಿಸಿದರು. ನಾಯಿ ಕಾಟ ಮೂವತ್ತೊಂದು. ಚರಂಡಿ ಮೂವತ್ತೆಂಟು. ನೀರು ಅರವತ್ತಾರು. ಎಲ್ಲಕ್ಕಿಂತ ಮೇಲೆ, ಮೈಕು: ತೊಂಬತ್ತೇಳು.

ಎಲ್ಲರೂ ಅದನ್ನು ಕೊನೆಯಲ್ಲಿ ಬರೆದಿದ್ದರಿಂದ ಇಷ್ಟು ದಿನ ಸೆಲ್ಲಿನೊಳಗೆ ಅಡಗಿತ್ತು. ಏಕಾಂತಯ್ಯನವರು ಹೊಸ ಗ್ರಹ ಕಂಡವರಂತೆ ಉಬ್ಬಿಹೋದರು.

“ನೋಡಿ ಮೇಡಂ, ನಾನು ಒಡೀದೇ ಇದ್ದಿದ್ರೆ ಈ ಸತ್ಯ ಈಚೆಗೇ ಬರ್ತಿರ್ಲಿಲ್ಲ.”

ಕೃಷ್ಣಸ್ವಾಮಿಯವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು. ಒಂದು ನಿಮಿಷ ಒಳಗೆ ಬನ್ನಿ ಎಂದು ಬಸಮ್ಮ ಕರೆದರೂ ಅಧ್ಯಕ್ಷರು ಕೈಬೀಸಿ ಸುಮ್ಮನಿರಿಸಿ, ಸಂಘದ ಲೆಟರ್‌ಹೆಡ್ಡಿನ ಮೇಲೆ ತಾವೇ ಬರೆಯತೊಡಗಿದರು: ಸದರಿ ಜನಕಂಟಕ ಮೈಕು ಯಾರದ್ದೇ ಆಗಿರಲಿ, ಎಷ್ಟೇ ಪ್ರಭಾವಿಗಳಾಗಿರಲಿ, ಮುಲಾಜಿಲ್ಲದೆ ಇಂದೇ ಜಪ್ತಿ ಮಾಡತಕ್ಕದ್ದು. ಸಹಿ ಹಾಕಿದರು. ಮೊಹರು ಒತ್ತಿದರು. ವಸಂತಮ್ಮನವರು ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಮೈಕು ಯಾರದು ಎಂದು ಕೇಳಿದರು. ಬಸಮ್ಮ ಫಾರಮ್ಮುಗಳ ಕಟ್ಟನ್ನು ತಂದು ಗಂಡನ ಮುಂದಿಟ್ಟರು.

ಬಸಮ್ಮ ಎಕ್ಸೆಲ್ಲಿಗೆ ಬರೀ ‘ಮೈಕು’ ಎಂದು ಏರಿಸಿದ್ದುದು ಫಾರಮ್ಮುಗಳಲ್ಲಿ ಪೂರ್ತಿಯಾಗಿತ್ತು. ಮೊದಲನೆಯದರಲ್ಲಿ ‘ಅಧ್ಯಕ್ಷರ ಮೈಕು’ ಎಂದಿತ್ತು. ಎರಡನೆಯದರಲ್ಲಿ ‘ಮೈಕು (ಏಕಾಂತಯ್ಯನವರದು)’. ಮೂರನೆಯದರಲ್ಲಿ ‘ಬೆಳಗಿನ ಐದೂವರೆ ಮೈಕು’. ಏಕಾಂತಯ್ಯನವರ ತಾರಸಿಯ ಮೇಲೆ ಎರಡು ಹಾರನ್ನುಗಳಿದ್ದವು. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು, ಯಾರ ಮನೆ ಕಸ ಎಲ್ಲಿ ಬಿದ್ದಿದೆ, ಯಾರು ಗೇಟು ಹಾಕದೆ ಮಲಗಿದರು ಎಂಬುದನ್ನೆಲ್ಲ ಅವರು ಆರು ವರ್ಷಗಳಿಂದ ಒಂದು ದಿನವೂ ತಪ್ಪದೆ ಮೈಕಿನಲ್ಲಿ ಪ್ರಕಟಿಸುತ್ತಿದ್ದರು. ಅದನ್ನು ತಮ್ಮ ಪರಮ ಸೇವೆ ಎಂದೇ ನಂಬಿದ್ದರು. ಈಗ ನಾಲ್ಕನೆಯ ಫಾರಂ ನೋಡದೆ ಕಟ್ಟನ್ನು ಪಕ್ಕಕ್ಕಿಟ್ಟರು.

“ಬೇಜಾರ್ ಮಾಡ್ಕೋಬೇಡಿ ಸಾರ್,” ಎಂದರು ವಸಂತಮ್ಮ. “ಮೈಕು ಇಳಿಸೋಕೆ ಖರ್ಚಿಲ್ಲ. ಒಂದು ಕೆಲಸದ ದುಡ್ಡನ್ನ ನೀರಿಗೇ ಹಾಕ್ಸೋಣ.”

ಕೃಷ್ಣಸ್ವಾಮಿಯವರು ಏಣಿ ಹಿಡಿದರು; ಕಾರ್ಪೊರೇಟರ ಡ್ರೈವರು ಹಾರನ್ನುಗಳನ್ನು ಬಿಚ್ಚಿ ಜೀಪಿನಲ್ಲಿಟ್ಟ. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಏಕಾಂತಯ್ಯನವರು ಗೇಟಿನ ಬಳಿ ನಿಂತಿದ್ದರು. ಆಮೇಲೆ, ಎಷ್ಟಾದರೂ ಅಧ್ಯಕ್ಷರಲ್ಲವೇ, ಹೆಂಡತಿಯನ್ನು ಮೆಲ್ಲಗೆ ಕೇಳಿದರು.

“ಅಲ್ವೇ, ಮೈಕು ತೆಗೆಸಿದ್ದೀವಿ ಅಂತ ಈಗ ಜನಕ್ಕೆಲ್ಲ ತಿಳಿಸೋದು ಹೆಂಗೆ?”

“ನಾಳೆ ಬೆಳಗ್ಗೆ ಐದೂವರೆಗೆ ತಾನಾಗೇ ಗೊತ್ತಾಯ್ತದೆ ಬುಡಿ,” ಎಂದರು ಬಸಮ್ಮ.