ಮಂಜಿನ ಕೋಟಿಗೆ ಛತ್ರಿಯ ತೇಪೆ

ಗಂಡಂದಿರು ಹೆಂಡತಿಯನ್ನು ಮನೆಯೊಳಗೆ ಹೊಗಳುವುದಿಲ್ಲ. ಹೊಗಳಿದರೆ ಮರುದಿನದ ಸಾರಿಗೆ ಉಪ್ಪು ಹೆಚ್ಚಾದೀತೆಂಬ ಭಯವೋ ಏನೋ. ಹೇಳಬೇಕಾದ್ದನ್ನೆಲ್ಲ ಕೂಡಿಟ್ಟುಕೊಂಡು, ಅದರಿಂದ ನಮಗೆ ಏನೂ ಪ್ರಯೋಜನವಿಲ್ಲದ ಜಾಗದಲ್ಲಿ, ಅಂದರೆ ಕಚೇರಿಯಲ್ಲಿ, ಸುರಿದು ಬರುತ್ತಾರೆ. ಮಹಾರಾಜರ ಕಾಲದಲ್ಲಿ ನಮ್ಮ ಯಜಮಾನರು ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನನ್ನ ಹೊಲಿಗೆಯ ಖ್ಯಾತಿ ಹುಟ್ಟಿದ್ದು ಅಲ್ಲಿಯೇ. ನನಗೆ ನಿಜವಾಗಿ ಬರುತ್ತಿದ್ದುದು ಬಿಚ್ಚಿದ ರವಿಕೆಯ ಕಂಕುಳನ್ನು ಕೂಡಿಸುವುದು, ಪಂಚೆಗೆ ತೇಪೆ ಹಾಕುವುದು, ದಿಂಬಿನ ಬಾಯಿ ಮುಚ್ಚುವುದು, ಇಷ್ಟೆ. ದಿಂಬು ಕೂಡ ನನ್ನ ಮಾತನ್ನು ಪೂರ್ತಿ ಕೇಳುತ್ತಿರಲಿಲ್ಲ; ಆಗಾಗ ಬಾಯಿ ಬಿಟ್ಟು ಮನೆ ತುಂಬ ಹತ್ತಿ ಹರಡುತ್ತಿತ್ತು. ಆದರೆ ಕಚೇರಿಯ ಲೆಕ್ಕದಲ್ಲಿ ನಾನು ಎಲ್ಲಿ ಹರಿದಿತ್ತೆಂಬುದೇ ತಿಳಿಯದ ಹಾಗೆ ಹೊಲಿಯುವವಳು.

ಚಳಿಗಾಲದ ಒಂದು ಮಧ್ಯಾಹ್ನ ಯಜಮಾನರು ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಕೈಯಲ್ಲಿ ಒಂದು ದಪ್ಪ ಗಂಟು. ಮುಖದಲ್ಲಿ ಎಂಥದೋ ಕಳೆ.

"ಪ್ರವಾಸಿ ಬಂಗಲೆಗೆ ಬೆಂಗಳೂರಿನಿಂದ ಒಬ್ಬ ದೊರೆಸಾನಿ ಬಂದವ್ರೆ. ಅಲ್ಲಿ ದಂಡಿನ ಪೇಟೆಯ ಇಸ್ಕೂಲಲ್ಲಿ ಪಾಠ ಹೇಳ್ತಾರಂತೆ. ಬೆಟ್ಟ ಹತ್ತೋಕೆ ಬಂದು ಕೋಟು ಹರ್ಕಂಡವ್ರೆ. ನೀನು ಹೊಲಿದು ಕೊಡ್ತೀಯ ಅಂತ ಹೇಳ್ಬುಟ್ಟೆ," ಎಂದರು.

"ನನ್ನ ಕೇಳ್ದೆ ಒಪ್ಕಂಡ್ ಬಂದ್ಬುಟ್ರಾ?" ಎಂದೆ.

"ಕೇಳೋದೇನು, ಒಂದು ಕೋಟು ತಾನೆ."

ಒಂದು ಕೋಟು ತಾನೆ! ಗಂಟು ಬಿಚ್ಚಿದೆ. ನಾನು ಅಂಥ ಬಟ್ಟೆಯನ್ನು ಮುಟ್ಟಿಯೇ ಇರಲಿಲ್ಲ. ಮಣ್ಣಿನ ಬಣ್ಣ, ನೂಲೂ ನೂಲೂ ಎಷ್ಟು ಒತ್ತಾಗಿ ಕೂತಿದ್ದವೆಂದರೆ ಬೆಳಕಿಗೆ ಹಿಡಿದರೂ ಒಂದು ಚುಕ್ಕೆ ಬೆಳಕು ಈಚೆಗೆ ಬರಲಿಲ್ಲ. ಒಳಗೆ ಬೆಚ್ಚನೆಯ ಉಣ್ಣೆಯ ಅಸ್ತರಿ, ಕತ್ತಿನ ಹತ್ತಿರ ತಲೆಗೆಳೆದುಕೊಳ್ಳುವ ಕುಲಾವಿ. ಬೆನ್ನಿನ ಮೇಲುಭಾಗದಲ್ಲಿ ಕಾರೆಮುಳ್ಳು ಎಳೆದು ಬೆರಳುದ್ದ ಸೀಳಿತ್ತು. ಆ ಸೀಳನ್ನು ನೋಡಿದರೆ ಬಟ್ಟೆ ಹರಿದ ಹಾಗಿರಲಿಲ್ಲ, ಗಾಯವಾದ ಹಾಗಿತ್ತು.

ಸ್ವಲ್ಪ ಹೊತ್ತಿಗೆ ದೊರೆಸಾನಿಯೇ ಮನೆಗೆ ಬಂದರು. ಎತ್ತರದ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು. ಅವರಿಗೆ ಕನ್ನಡ ಬರುತ್ತಿತ್ತು. ಆದರೆ ಅದನ್ನು ಅವರಿಗೆ ಕಲಿಸಿದ್ದು ಅವರ ಮನೆಯ ಕುದುರೆ ನೋಡಿಕೊಳ್ಳುವವನು. ಹೀಗಾಗಿ ಅವರ ಕನ್ನಡದಲ್ಲಿ ಮನುಷ್ಯರಿಗೂ ಕುದುರೆಗಳಿಗೂ ಭೇದವಿರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರನ್ನು ನೋಡಿ ತುಂಬಾ ಗೌರವದಿಂದ ನಕ್ಕು, "ಲೇ ಗುಮಾಸ್ತ, ಸೈ, ಸೈ. ಅಲ್ಲೇ ನಿಲ್ಲು," ಎಂದರು. ಯಜಮಾನರು ಕಂಬಕ್ಕೆ ಕಟ್ಟಿದವರಂತೆ ನಿಂತುಬಿಟ್ಟರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಜಗುಲಿಯಲ್ಲಿ ನಮ್ಮ ಅತ್ತೆ ಕೂತಿದ್ದರು. ಐ.ಡಿ.ಹಳ್ಳಿಯ ಕಡೆಯವರು, ಯಾರಿಗೂ ಹೆದರಿದವರಲ್ಲ. "ಈ ಕೋಟು ಯಾತಕ್ಕೆ ಕಣಮ್ಮ? ನಮ್ಮೂರಾಗೆ ಇಂಥದ್ ಹಾಕ್ಕಂಡ್ರೆ ಬೆಂದೋಯ್ತಾರೆ," ಎಂದರು.

"ಇಲ್ಲಿಗಲ್ಲ. ನಾನು ಕಾಶ್ಮೀರಕ್ಕೆ ಹೋಗ್ತದೆ. ಅಲ್ಲಿ ಆಕಾಶದಿಂದ ಮಂಜು ಬೀಳ್ತದೆ."

"ಆಲಿಕಲ್ಲಾ?"

"ಕಲ್ಲಲ್ಲ. ಹಿಟ್ಟು. ಬಿಳೀ ಹಿಟ್ಟು. ಬೆಟ್ಟ ಎಲ್ಲಾ ಮುಚ್ಚಿ ಹೋಗ್ತದೆ. ನಾನು ಕಾಲಿಗೆ ಹಲಗೆ ಕಟ್ತದೆ. ಮೇಲಿಂದ ಕೆಳಗೆ ಜಾರ್ತದೆ."

ಅತ್ತೆ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿದರು. ಬೆಟ್ಟ ಮುಚ್ಚುವಷ್ಟು ಅಕ್ಕಿಹಿಟ್ಟು ಆಕಾಶದಿಂದ ಬೀಳುವ ದೇಶವೊಂದಿದೆ, ಅಲ್ಲಿಗೆ ಹೋಗಿ ಈಕೆ ಅದನ್ನು ತುಂಬಿಕೊಳ್ಳದೆ ಅದರ ಮೇಲೆ ಜಾರುತ್ತಾಳೆ ಎಂಬುದನ್ನು ಅವರ ಬುದ್ಧಿ ಒಪ್ಪಲಿಲ್ಲ. "ಜಾರ್ ಬೀಳಾಕೆ ಅಷ್ಟು ದೂರ ಯಾಕ್ ಓಯ್ತೀಯ? ನಮ್ ಬಚ್ಚಲಾಗೆ ದಿನಾ ಜಾರ್ತೀವಿ," ಎಂದರು.

ದೊರೆಸಾನಿ ಗಟ್ಟಿಯಾಗಿ ನಕ್ಕರು. ಆಮೇಲೆ ಕೋಟಿನ ಸೀಳಿನೊಳಗೆ ಬೆರಳು ತೂರಿಸಿ ತೋರಿಸಿದರು. ದನಿ ಇಳಿಯಿತು. "ಅಲ್ಲಿ ಗಾಳಿ ಚಾಕು. ಇಷ್ಟು ತೂತು ಸಾಕು, ಒಳಗೆ ಬರ್ತದೆ. ಮೈ ಮರ ಆಗ್ತದೆ. ನಿದ್ದೆ ಬರ್ತದೆ. ಮಲಗಿದರೆ ಏಳೋದಿಲ್ಲ. ಹೋದ ಸಲ ನನ್ನ ಸ್ನೇಹಿತೆ ಮಲಗಿತು."

ಅತ್ತೆ ನನ್ನ ಕಡೆ ತಿರುಗಿ, ಎಂದೂ ಇಲ್ಲದ ಮೆದುದನಿಯಲ್ಲಿ, "ಸರಿಯಾಗ್ ಹೊಲಿಯಮ್ಮಿ. ದಿಂಬು ಹೊಲ್ದಂಗೆ ಹೊಲೀಬ್ಯಾಡ," ಎಂದರು.

ನಾನು ಸೂಜಿ ಹಿಡಿದು ಕೂತೆ. ಬೆರಳುದ್ದದ ಹರಕಿನಲ್ಲಿ ಒಂದು ಜೀವ ಹೊರಟುಹೋಗುವಷ್ಟು ಜಾಗವಿದೆಯೆಂದು ನಾನು ಯಾವತ್ತೂ ಯೋಚಿಸಿದವಳಲ್ಲ. ತೇಪೆಗೆ ಬಟ್ಟೆ ಬೇಕಲ್ಲ? ಪಂಚೆಯ ತುಂಡು ತಂದು ನೋಡಿದೆ. ಬಾಯಿಟ್ಟು ಊದಿದರೆ ಗಾಳಿ ಸಲೀಸಾಗಿ ಆಚೆ ಹೋಯಿತು. ಸೀರೆ, ರವಿಕೆ, ಯಜಮಾನರ ಕಚೇರಿಯ ಕೋಟು, ಎಲ್ಲಕ್ಕೂ ಊದಿದೆ. ಕೊನೆಗೆ ಗೂಟಕ್ಕೆ ನೇತುಹಾಕಿದ್ದ ಅವರ ಕರೀ ಛತ್ರಿಯನ್ನು ಬಿಚ್ಚಿ ಊದಿದೆ. ಉಸಿರು ನನ್ನ ಮುಖಕ್ಕೇ ವಾಪಸು ಬಂತು.

"ಛತ್ರಿ ಬೇಡ ಕಣೆ," ಎಂದರು ಯಜಮಾನರು. ಅವರ ದನಿ ಸಣ್ಣದಾಗಿತ್ತು. ಮೈಸೂರಿನಿಂದ ತಂದ ಛತ್ರಿ ಅದು. ಮಳೆ ಬಂದರೆ ನೆನೆದೀತೆಂದು ಕಂಕುಳಲ್ಲಿ ಅವಿತಿಟ್ಟುಕೊಂಡು ತಾವು ನೆನೆಯುತ್ತಿದ್ದರು.

"ಹೊಲಿತಾಳೆ ಅಂತ ಒಪ್ಕಂಡ್ ಬಂದೋನು ನೀನೇ ಅಲ್ವೇನ್ಲಾ?" ಎಂದು ಅತ್ತೆ ಕೇಳಿದರು. ಕತ್ತರಿ ಆಡಿತು.

ತೇಪೆ ಹಾಕಿ, ಅಂಚು ಮಡಿಸಿ, ಇರುವೆ ನಡೆದ ಹಾಗೆ ಹತ್ತಿರ ಹತ್ತಿರ ಹೊಲಿದೆ. ದೊರೆಸಾನಿ ನೋಡಿ ತಲೆದೂಗಿದರು. ಆದರೆ ಮೇಲೊಂದಿಷ್ಟು ನೀರು ಚಿಮುಕಿಸಿದಾಗ, ಸೂಜಿ ಹೊಕ್ಕ ಕಡೆಯಲ್ಲೆಲ್ಲ ಸಣ್ಣ ಸಣ್ಣ ಹನಿ ಒಳಗೆ ಮೂಡಿದವು. ಒಂದು ತೂತು ಮುಚ್ಚಲು ಹೋಗಿ ಲೆಕ್ಕವಿಲ್ಲದಷ್ಟು ತೂತು ಮಾಡಿದ್ದೆ! ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಹಣೆಯ ಕುಂಕುಮ ಬೆರಳಿಗೆ ತಾಗಿತು. ಕುಂಕುಮ ಬಂತು, ಅದರ ಕೆಳಗೆ ಹಚ್ಚಿದ್ದ ಮೇಣ ಹಣೆಯಲ್ಲೇ ಉಳಿಯಿತು. ಬೆವರಿಗೂ ಜಗ್ಗದ ಮೇಣ. ಸಿದ್ದರಬೆಟ್ಟದ ಕಡೆಯಿಂದ ಜೇನು ಮಾರಲು ಬರುವವಳು ಕೊಟ್ಟದ್ದು. ಒಳಗೆ ಓಡಿ ಮೇಣದ ಭರಣಿ ತಂದೆ. ಹೊಲಿಗೆಯ ಮೇಲೆಲ್ಲ ತಿಕ್ಕಿ, ಚೊಂಬಿಗೆ ಕೆಂಡ ತುಂಬಿ, ಅದರ ಬಿಸಿ ತಳವನ್ನು ಮೆಲ್ಲಗೆ ಆಡಿಸಿದೆ. ಮೇಣ ಕರಗಿ ಬಟ್ಟೆಯೊಳಕ್ಕೆ ಇಳಿದು ಮಾಯವಾಯಿತು. ನಾವು ಮೂವರು ಹೆಂಗಸರೂ ಅದರ ಮೇಲೆ ತಲೆಗೆ ತಲೆ ತಾಗುವಂತೆ ಬಾಗಿಕೊಂಡು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಉಸಿರು ಹಿಡಿದಿದ್ದೆವು.

ಪರೀಕ್ಷೆ ಆಗಬೇಕಲ್ಲ. ಕೋಟನ್ನು ಯಾರಾದರೂ ಹಾಕಿಕೊಂಡು ನಿಲ್ಲಬೇಕು. ಮನೆಯಲ್ಲಿದ್ದ ಗಂಡಸು ಒಬ್ಬರೇ. ಹಿತ್ತಿಲ ಬಾವಿಯ ಹತ್ತಿರ ಯಜಮಾನರಿಗೆ ಹೆಂಗಸಿನ ಕೋಟು ತೊಡಿಸಿ, ಕುಲಾವಿ ಎಳೆದು, ಬೆನ್ನಿಗೆ ಕೊಡಗಟ್ಟಲೆ ನೀರು ಹೊಯ್ದೆವು. ಅತ್ತೆ ಸೇದಿದರು, ನಾನು ಹೊಯ್ದೆ. ಪಕ್ಕದ ಮನೆಯವರ ತಲೆಗಳು ಗೋಡೆಯ ಮೇಲೆ ಸಾಲಾಗಿ ಮೂಡಿದವು. ಯಜಮಾನರು ಚಳಿಗೆ ಕಾಲು ಕುಣಿಸಿದಾಗ ದೊರೆಸಾನಿ ಅವರ ಹೆಗಲು ತಟ್ಟಿ, "ಸೈ ಸೈ, ನಿಲ್ಲು. ಒದೀಬೇಡ. ಭಲೇ!" ಎಂದರು. ಕೋಟು ಬಿಚ್ಚಿ ಅಂಗಿಯ ಬೆನ್ನು ಮುಟ್ಟಿ ನೋಡಿದೆ. ಅಷ್ಟು ನೀರಿಗೂ ಗರಿಗರಿಯಾಗಿ ಒಣಗಿಯೇ ಇತ್ತು!

ಆದರೆ ದೊರೆಸಾನಿಗೆ ಅಷ್ಟು ಸಾಲದು. "ನೀರು ಆಯ್ತು. ಗಾಳಿ ನೋಡಬೇಕು. ನಾಳೆ ಬೆಟ್ಟದ ತಲೆಗೆ. ಹೊಲಿದವಳು ಹಾಕ್ಕೊಂಡು ನೋಡಬೇಕು," ಎಂದರು. ನಾನು ಬೇಡವೆಂದೆ. ಮಧುಗಿರಿಗೆ ಸೊಸೆಯಾಗಿ ಬಂದಂದಿನಿಂದ ಆ ಬಂಡೆ ನಮ್ಮ ಹಿತ್ತಿಲ ಗೋಡೆಯ ಹಾಗೆ ದಿನಾ ಕಣ್ಣೆದುರಿಗೇ ಇತ್ತು. ಅದನ್ನು ಹತ್ತುವ ವಸ್ತುವೆಂದು ನಾನು ತಿಳಿದಿರಲಿಲ್ಲ. ಅತ್ತೆಯೇ, "ಓಗ್ ಬಾ. ಜೀವದ ಮಾತು," ಎಂದು ಅಟ್ಟಿದರು.

ಬೆಳಗ್ಗೆ ಹೊರಟೆವು. ಯಜಮಾನರು ಬೆಟ್ಟದ ಕೋಟೆಯ ನಡುವಿನ ಬಾಗಿಲವರೆಗೆ ಬಂದು, ಕಚೇರಿಯ ಕಾಗದಗಳ ಬಗ್ಗೆ ಯೋಚಿಸಬೇಕೆಂದು ಅಲ್ಲೇ ಕೂತರು. ಅಲ್ಲಿಂದ ಮೇಲೆ ಬರೀ ಬಂಡೆ, ಬಂಡೆಯಲ್ಲಿ ಕೊರೆದ ಕಾಲಿನಗಲದ ಮೆಟ್ಟಿಲು. ಸೀರೆಯನ್ನು ಕಚ್ಚೆ ಕಟ್ಟಿ, ಕೈಕಾಲೂರಿ ಹಲ್ಲಿಯ ಹಾಗೆ ಹತ್ತಿದೆ. ದೊರೆಸಾನಿ ಹಿಂದಿನಿಂದ ಹುರಿದುಂಬಿಸುತ್ತಿದ್ದರು, ಅದೇ ಕುದುರೆಯ ಕನ್ನಡದಲ್ಲಿ. ಕೋಟು ತೊಟ್ಟು ನೆತ್ತಿಯ ಪಾಳುಗುಡಿಯ ಬಳಿ ನಿಂತಾಗ ಗಾಳಿ ನನ್ನನ್ನು ಎತ್ತಿ ಒಗೆಯುವ ಹಾಗೆ ಬೀಸಿತು. ಮುಖ, ಕೈ, ಕಾಲು ಮರಗಟ್ಟಿಹೋದವು. ಬೆನ್ನು ತಿರುಗಿಸಿ ನಿಂತೆ. ತೇಪೆಯಿದ್ದ ಜಾಗದಲ್ಲಿ ಅಂಗೈಯಿಟ್ಟ ಹಾಗೆ ಬೆಚ್ಚಗಿತ್ತು. ಛತ್ರಿಯ ತುಂಡು, ಕುಂಕುಮದ ಮೇಣ, ನನ್ನ ಅಡ್ಡಾದಿಡ್ಡಿ ಕೈ. ಅಷ್ಟು ದೊಡ್ಡ ಗಾಳಿ ಅದರ ಆಚೆಯೇ ನಿಂತಿತ್ತು. ಕೆಳಗೆ ನೋಡಿದೆ. ಊರು ಒಂದು ಹಿಡಿ ಕಾಳಿನಂತೆ ಚೆಲ್ಲಿತ್ತು. ಕೆರೆಗಳು, ದೂರದ ಗುಡ್ಡಗಳು, ಪಾವಗಡದ ಕಡೆಗೆ ಮಸುಕಾಗುತ್ತ ಹೋದ ನೆಲ. ಪ್ರಪಂಚ ಇಷ್ಟು ಅಗಲವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ದೊರೆಸಾನಿ ತೇಪೆಯ ಮೇಲೆ ಕೈಯಿಟ್ಟು, "ನಾನು ಏಳ್ತದೆ," ಎಂದರು. ಮಲಗಿದರೂ ಏಳುತ್ತೇನೆ ಎಂದು ಅರ್ಥ.

ಹತ್ತಿದ್ದು ಹೇಗೋ ಆಯಿತು; ಇಳಿಯುವಾಗ ನನ್ನ ಧೈರ್ಯ ನೆತ್ತಿಯಲ್ಲೇ ಉಳಿಯಿತು. ಕೂತುಕೊಂಡೇ ಇಳಿದೆ. ಒಂದು ಕಡೆ ಬಂಡೆ ನುಣುಪಾಗಿತ್ತು. ಕಾಶ್ಮೀರವೂ ಬೇಡ, ಹಲಗೆಯೂ ಬೇಡ ಎನ್ನುವ ಹಾಗೆ ಸರ್ರನೆ ಜಾರಿ, ಕೆಳಗಿನ ಕಟ್ಟೆಗೆ ಹೋಗಿ ಕೂತೆ. ನೋವಾಗಲಿಲ್ಲ. ಸೀರೆಯ ಹಿಂಭಾಗ ಮಾತ್ರ ಪರ್ ಎಂದು ಸೀಳಿತು. ಊರ ಬೀದಿಯಲ್ಲಿ ಹೇಗೆ ನಡೆಯುವುದು? ದೊರೆಸಾನಿ ನನ್ನ ಮೈಮೇಲಿದ್ದ ಕೋಟು ಬಿಚ್ಚಿಸಿ, ಹಿಂದಿನಿಂದ ಸುತ್ತಿ, ಅದರ ತೋಳುಗಳನ್ನು ನನ್ನ ಸೊಂಟಕ್ಕೆ ಬಿಗಿದರು. ಹಿಮದ ಗಾಳಿಗೆಂದು ಸಿದ್ಧವಾದ ಕೋಟು ಮೊದಲು ಕಾಪಾಡಿದ್ದು ಮಧುಗಿರಿಯ ಸಂತೆಬೀದಿಯಲ್ಲಿ ನನ್ನ ಮಾನವನ್ನು.

ಅವರು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಮುಂದಿನ ಚಳಿಗಾಲದಲ್ಲಿ ಮೂಗು ಇನ್ನಷ್ಟು ಕೆಂಪಗೆ ಮಾಡಿಕೊಂಡು ಬಂದು, ಜಗುಲಿಯಲ್ಲಿ ಕೂತು ಅತ್ತೆಯ ಎಲೆಯಡಿಕೆ ತಿಂದರು. ಅತ್ತೆ ಅವರ ಮೈಕೈ ಮುಟ್ಟಿ ನೋಡಿ, "ಗಟ್ಟಿಯಾಗವ್ಳೆ," ಎಂದು ತೀರ್ಪು ಕೊಟ್ಟರು.

ಆ ಸೀರೆಯನ್ನು ಮಾತ್ರ ನಾನು ಹೊಲಿಯಲಿಲ್ಲ. ದಾರ ಪೋಣಿಸಿಕೊಂಡು ಕೂರುತ್ತೇನೆ. ಸೀಳು ಬಿಡಿಸಿ ನೋಡುತ್ತೇನೆ. ಬಂಡೆಯ ಮೇಲೆ ಜಾರಿದ ಆ ಗಳಿಗೆ ನೆನಪಾಗಿ ನಗು ಬರುತ್ತದೆ. ಮಡಿಸಿ ಪೆಟ್ಟಿಗೆಗೆ ಇಟ್ಟುಬಿಡುತ್ತೇನೆ. ಅದು ಕೆಲಸಕ್ಕೆ ಬಾರದ ಹರಕು ಸೀರೆಯೆಂದು ಯಜಮಾನರು ಒಮ್ಮೆ ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹಾಕಹೊರಟರು. ನಾನು ಕಸಿದುಕೊಂಡೆ. "ಮತ್ತೆ ಬೆಟ್ಟ ಹತ್ತಬೇಕಾದರೆ ಉಡೋಕೆ ಬೇಕು," ಎಂದೆ. ಆಮೇಲೆ ಹತ್ತಿದ್ದೇನೆಯೇ ಎಂದು ಕೇಳಬೇಡಿ. ಸೀರೆ ಮಾತ್ರ ಸಿದ್ಧವಾಗಿದೆ.