ಕ್ಲಚ್ಚಿಲ್ಲದ ನಮಸ್ಕಾರ

ಯಮುನಮ್ಮ: ಗಾಡಿ ನಿಲ್ಸ್ರೀ. ಕಟ್ಟೆ ಮೇಲೆ ಕೂತಿದ್ದ ಉಜ್ಜಪ್ಪಜ್ಜನಿಗೆ ಎಡಗೈ ತೋರ್ಸಿ ಬಂದಿದ್ದೀರಿ. ವಾಪಸ್ ತಿರುಗ್ಸಿ.

ಪರಮಶಿವಪ್ಪ: ತೋರ್ಸಿದ್ದಲ್ಲ, ನಮಸ್ಕಾರ ಮಾಡಿದ್ದು.

ಯಮುನಮ್ಮ: ಎಡಗೈಯಲ್ಲಿ?

ಪರಮಶಿವಪ್ಪ: ಬಲಗೈಯಾಗೆ ಎಕ್ಸಿಲೇಟರ್ ಐತಲ್ಲ. ಅದನ್ನ ಬಿಟ್ರೆ ಗಾಡಿ ಯಾರು ದೂಡ್ತಾರೆ, ನಿಮ್ಮಪ್ಪ ಬಂದು?

ಯಮುನಮ್ಮ: ನಮ್ಮಪ್ಪ ಇದ್ದಿದ್ರೆ ಮೊದಲು ನಿಮ್ಮನ್ನ ಗಾಡಿಯಿಂದ ಕೆಳಗೆ ದೂಡ್ತಿದ್ರು. ಎಂಬತ್ತು ದಾಟಿದ ಮುದುಕರು ಉಜ್ಜಪ್ಪಜ್ಜ. ಇಡೀ ಕೇರಿ ಅವ್ರ ಮಾತು ಕೇಳುತ್ತೆ.

ಪರಮಶಿವಪ್ಪ: ಅದ್ಕೇ ಕೈನ ಇನ್ನೊಂದು ಗೇಣು ಎತ್ತರಕ್ಕೆ ಎತ್ತಿದ್ದು.

ಗಂಡ ಹೆಂಡತಿಯ ಈ ಮಾತು ನಡೆಯುತ್ತಿದ್ದದ್ದು ಓಡುವ ಬೈಕಿನ ಮೇಲೆ, ಉಡುತಡಿ ಕ್ರಾಸ್ ದಾಟಿದ ಮೇಲೆ. ಗಾಡಿ ಮಾತ್ರ ನಿಲ್ಲಲಿಲ್ಲ.

ಇದರ ಹಿಂದಿನ ಕಥೆಯನ್ನು ಸ್ವಲ್ಪ ಹೇಳಿಬಿಡಬೇಕು. ಶಿಕಾರಿಪುರದ ಗೊಬ್ಬರದಂಗಡಿ ಪರಮಶಿವಪ್ಪ ಹೋದ ಸಲ ಜಿಲ್ಲಾ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ಮಣ್ಣು ಮುಕ್ಕಿದ್ದ. ಯಾಕೆ ಸೋತ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಮನುಷ್ಯ ಗರ್ವಿ, ಗಾಡಿಯಲ್ಲಿ ಹೋಗುವಾಗ ಎದುರಿಗೆ ಸಿಕ್ಕರೂ ಒಂದು ಕೈ ಎತ್ತುವುದಿಲ್ಲ. ಸೋತವನು ಅಂಗಡಿಯನ್ನು ತಮ್ಮನ ತಲೆಗೆ ಕಟ್ಟಿ, ಅಂದಿನಿಂದ ಮನೆಯ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತ. ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾದರೆ ಅದೂ ವಿರೋಧಿಗಳ ಪಿತೂರಿ. ಆ ಊದಿದ ಮುಖಕ್ಕೆ ಇಷ್ಟು ವರ್ಷ ಹೊತ್ತು ಹೊತ್ತಿಗೆ ರೊಟ್ಟಿ ಬಡಿಸಿದವಳು ಯಮುನಮ್ಮ. ಈ ಸಲ ಗಂಡನಿಗೆ ಟಿಕೆಟ್ ಸಿಗಲಿ, ಗೆಲ್ಲಲಿ ಎಂದು ಆಕೆ ಹರಕೆ ಹೊತ್ತಿದ್ದು ದೇಶ ಉದ್ಧಾರವಾಗಲಿ ಎಂದಲ್ಲ. ಈ ಮನುಷ್ಯ ಹಗಲು ಹೊತ್ತು ಮನೆಯಿಂದ ಹೊರಗಿರಲಿ ಎಂದು.

ಪರಮಶಿವಪ್ಪನೂ ಜಗಲಿಯ ಮೇಲೆ ಸುಮ್ಮನೆ ಕೂತಿರಲಿಲ್ಲ, ಆಲೋಚನೆ ಮಾಡಿದ್ದ. ತಾನು ಕೈ ಎತ್ತದೆ ಇದ್ದದ್ದು ಗರ್ವದಿಂದಲ್ಲ. ಒಂದು ಕೈಯಲ್ಲಿ ಎಕ್ಸಿಲೇಟರ್, ಇನ್ನೊಂದರಲ್ಲಿ ಕ್ಲಚ್ಚು, ಎತ್ತುವುದಕ್ಕೆ ಮೂರನೆಯ ಕೈ ಎಲ್ಲಿಂದ ತರುವುದು? ತಪ್ಪು ತನ್ನದಲ್ಲ, ಗಾಡಿಯದು. ಹಾಗಾಗಿ ಶಿವಮೊಗ್ಗಕ್ಕೆ ಹೋಗಿ ಕ್ಲಚ್ಚೇ ಇಲ್ಲದ ಹೊಸ ಗಾಡಿ ತಂದ. ದೂರದ ಓಡಾಟಕ್ಕೆಂದೇ ಮಾಡಿದ್ದು, ಅಗಲವಾದ ಸೀಟು, ಹಿಂದೆ ಕೂತವರ ಬೆನ್ನಿಗೆ ಆನಿಕೆ. ಕಾಲಲ್ಲಿ ಒತ್ತಿದರೆ ಗೇರು ತಾನಾಗಿ ಬೀಳುತ್ತದೆ. ‘ಒಳಗೆ ಕಂಪ್ಯೂಟರ್ ಐತೆ ಸಾರ್, ಎರಡು ಸಾವಿರದ ಇಸವಿ ಗಾಡಿನ ತೊಂಬತ್ತೊಂಬತ್ತರಾಗೇ ಕೊಡ್ತಿದೀವಿ’ ಎಂದು ಮಾರಿದವನು ಹೇಳಿದ್ದ. ಪರಮಶಿವಪ್ಪನಿಗೆ ಕಂಪ್ಯೂಟರ್ ಕಟ್ಟಿಕೊಂಡು ಏನಾಗಬೇಕು? ಎಡಗೈ ಖಾಲಿಯಾಯಿತಲ್ಲ, ಸಾಕು.

ಈವತ್ತು ಸೊರಬದ ಪ್ರವಾಸಿ ಮಂದಿರದಲ್ಲಿ ಮುಖಂಡ ಉಚ್ಚಂಗಪ್ಪನವರು ಟಿಕೆಟ್ ತೀರ್ಮಾನ ಮಾಡುವವರಿದ್ದರು. ಸೊರಬ ಯಮುನಮ್ಮನ ತವರು, ಉಚ್ಚಂಗಪ್ಪನವರು ಆಕೆಗೆ ದೂರದ ಬಳಗ. ಅದಕ್ಕೇ ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡಿದ್ದ.

ಯಮುನಮ್ಮ: ಎಡಗೈಯಲ್ಲಿ ಭಿಕ್ಷುಕನಿಗೂ ಕಾಸು ಹಾಕಲ್ಲ ಮಾರಾಯ್ರೇ. ಹಾಕಿದ್ರೆ ಅವ್ನೂ ಬೈತಾನೆ. ನೀವು ಭಿಕ್ಷೆ ಬೇಡೋರೇ ಎಡಗೈ ಎತ್ತಿದ್ರೆ ಹೆಂಗೆ?

ಪರಮಶಿವಪ್ಪ: ಮನಸು ಶುದ್ಧ ಇದ್ರೆ ಎಡ ಏನು, ಬಲ ಏನು.

ಯಮುನಮ್ಮ: ಹಂಗಾದ್ರೆ ನಾಳೆ ಎಡಗೈಲಿ ಉಣ್ಣಿ. ಅಷ್ಟೆಲ್ಲ ಯಾಕೆ, ಒಂದು ನಿಮಿಷ ನಿಲ್ಸಿ, ಇಳಿದು, ಎರಡೂ ಕೈ ಜೋಡ್ಸಿದ್ರೆ ಗಂಟು ಹೋಗುತ್ತಾ?

ಪರಮಶಿವಪ್ಪ: ನಿಂಗೆ ರಾಜಕೀಯ ಗೊತ್ತಿಲ್ಲ. ನಿಂತರೆ ಕೇಳ್ತಾರೆ. ಸೇತುವೆ ಎಲ್ಲಿ, ಕರೆಂಟ್ ಎಲ್ಲಿ, ನಮ್ಮ ಹುಡುಗನ ಕೆಲಸ ಎಲ್ಲಿ. ಓಡೋ ಗಾಡಿಗೆ ಯಾರೂ ಅರ್ಜಿ ಕೊಡಲ್ಲ.

ಯಮುನಮ್ಮ: ಓಡೋ ಗಾಡಿಗೆ ಓಟು ಕೊಡ್ತಾರಾ?

ಪರಮಶಿವಪ್ಪ: ಕೈ ಎತ್ತಲ್ಲ ಅಂದ್ರು, ಎತ್ತಿದ್ದೀನಿ. ಇನ್ನೇನು ಬೇಕು ಅವ್ರಿಗೆ? ಅಕಾ, ಬಸ್ಸು ಬಂತು. ತುಂಬಿ ತುಳುಕ್ತೈತೆ. ಸುಮ್ನಿರು.

ಎದುರಿನಿಂದ ಖಾಸಗಿ ಬಸ್ಸೊಂದು ಬರುತ್ತಿತ್ತು. ಒಳಗೆ ಎಷ್ಟು ಜನವೋ ಟಾಪಿನ ಮೇಲೂ ಅಷ್ಟೇ ಜನ. ಪರಮಶಿವಪ್ಪ ಎಡಗೈಯನ್ನು ಆಕಾಶಕ್ಕೆ ಎತ್ತಿ ಆಡಿಸಿದ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಯಮುನಮ್ಮ ಕತ್ತು ತಿರುಗಿಸಿ ನೋಡಿದಳು: ಕಂಡಕ್ಟರ್ ಕೆಳಗೆ ಹಾರಿ, ಮೇಲಿದ್ದವರನ್ನೆಲ್ಲ ಗದರಿಸಿ ಇಳಿಸುತ್ತಿದ್ದ. ‘ಮುಂದೆ ಚೆಕ್ಕಿಂಗ್ ಐತಂತೆ, ಇಳೀರಿ, ಇಳೀರಿ, ಕ್ರಾಸಿನ ತನ ನಡ್ಕೊಂಡು ಬರ್ರಿ.’ ಮೂಟೆ, ಕೋಳಿ, ಕೈಗೂಸು ಎಲ್ಲವೂ ಬಿಸಿಲಿಗೆ ಇಳಿದವು.

ಪರಮಶಿವಪ್ಪ: ಕನ್ನಡಿಯಾಗೆ ನೋಡ್ದೆ. ನನ್ನ ನೋಡಿ ಬಸ್ಸೇ ನಿಲ್ತು. ಜನ ಇಳಿದ್ರು ಕಣೇ, ಗೌರವಕ್ಕೆ.

ಯಮುನಮ್ಮ: ಮುಂದೆ ಆರ್‌ಟಿಓ ನಿಂತಿದ್ದಾರೆ ಅಂತ ನೀವು ಸನ್ನೆ ಮಾಡಿದ್ರಿ ಅಂದ್ಕೊಂಡಿದ್ದಾರೆ. ಟಾಪ್ ಮೇಲಿದ್ದೋರೆಲ್ಲ ಈಗ ಉರಿಬಿಸ್ಲಲ್ಲಿ ನಡೀತಿದ್ದಾರೆ.

ಪರಮಶಿವಪ್ಪ: ಆರ್‌ಟಿಓ ಎಲ್ಲೈತೆ?

ಯಮುನಮ್ಮ: ಎಲ್ಲೂ ಇಲ್ಲ. ಅದು ಅವ್ರಿಗೆ ಕ್ರಾಸ್ ಹತ್ರ ಹೋದ್ಮೇಲೆ ಗೊತ್ತಾಗುತ್ತೆ. ಆಗ ನಿಮ್ಮ ಹೆಸರು ಹಿಡಿದು ಪೂಜೆ ಮಾಡ್ತಾರೆ.

ಹೇಳಿ ಪ್ರಯೋಜನವಿಲ್ಲ ಎಂದು ಯಮುನಮ್ಮನಿಗೆ ಅರ್ಥವಾಗಿತ್ತು. ಕೋಣನ ಮುಂದೆ ಕಿನ್ನರಿ ಎಷ್ಟು ಬಾರಿಸಿದರೂ ಅಷ್ಟೇ. ಹಾಗೆಂದು ಸುಮ್ಮನಿರಲೂ ಆಗುತ್ತಿರಲಿಲ್ಲ, ಈ ಸಲವೂ ಸೋತರೆ ಜಗಲಿಯ ಮೇಲಿನ ಆ ಮುಖ ಸಾಯುವ ತನಕ ತಪ್ಪಿದ್ದಲ್ಲ. ಆಕೆ ಆನಿಕೆಗೆ ಒತ್ತಿಕೊಂಡು ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದಳು. ಎರಡು ಕೈಯೂ ಬಿಡುವಾಗಿದ್ದವು. ಗಂಡ ಎಡಗೈ ಎತ್ತಿದಾಗಲೆಲ್ಲ ಹಿಂದಿನಿಂದ ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ, ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ’ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತ ಹೋದಳು. ಉಜ್ಜಪ್ಪಜ್ಜನಿಗೂ ಹಾಗೇ ಕೈ ಮುಗಿದಿದ್ದಳು. ಬಸ್ಸಿನಿಂದ ಇಳಿದವರಿಗೂ ಮುಗಿದಳು. ಪಾಪ, ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ, ದನ ಹೊಡೆದುಕೊಂಡು ಹೋಗುವವರಿಗೆ, ಒಬ್ಬರನ್ನೂ ಬಿಡಲಿಲ್ಲ.

ಶಿರಾಳಕೊಪ್ಪ ಹತ್ತಿರವಾದಾಗ ದೊಡ್ಡ ಗುಂಪು ಎದುರಾಯಿತು. ಹಲಗೆಯ ಸದ್ದು ಕೇಳಿದ್ದೇ ಪರಮಶಿವಪ್ಪ ಬಾಯ್ತುಂಬ ಹಲ್ಲು ಬಿಟ್ಟು ಕೈ ಎತ್ತಿದ. ದಾಟಿ ಹೋದ ಮೇಲೆ ಅವನಿಗೆ ಸಿಟ್ಟು ಬಂತು.

ಪರಮಶಿವಪ್ಪ: ನೋಡ್ದಾ ಸೊಕ್ಕು? ಅಷ್ಟು ಜನದಾಗೆ ಒಬ್ಬನಾದ್ರೂ ತಿರುಗಿ ಕೈ ಎತ್ತಿದ್ನಾ?

ಯಮುನಮ್ಮ: ಅವ್ರ ಕೈಲಿ ಹೆಣ ಇತ್ತು.

ಪರಮಶಿವಪ್ಪ: ಹೆಣನಾ? ನಾನು ಮೆರವಣಿಗೆ ಅಂತ ಮಾಡಿದ್ದೆ.

ಯಮುನಮ್ಮ: ಮೆರವಣಿಗೇನೇ. ಕೊನೇದು. ನೀವು ಹಲ್ಲು ಕಿರಿದಿದ್ದಕ್ಕೆ ಹೆಣ ಎದ್ದು ಬೈಯೋದೊಂದು ಬಾಕಿ.

ಪರಮಶಿವಪ್ಪ: ಹೋಗ್ಲಿ ಬಿಡು. ಹೋದ್ರೆ ಒಂದು ಓಟು ಹೋತು.

ಯಮುನಮ್ಮ: ಸತ್ತೋರದ್ದು ಒಂದು. ಹೊತ್ತೋರದ್ದು?

ಶಿರಾಳಕೊಪ್ಪದಲ್ಲಿ ಹಣ್ಣು ಮತ್ತು ದಪ್ಪನೆಯ ಸೇವಂತಿಗೆ ಹಾರ ತೆಗೆದುಕೊಳ್ಳಲು ನಿಂತರು. ಹಾರ ಮುಖಂಡರಿಗೆ. ‘ಇನ್ನೂ ದಪ್ಪ ಕಟ್ಟು’ ಎಂದು ಪರಮಶಿವಪ್ಪ ಹೂವಿನವನನ್ನು ಗೋಳು ಹೊಯ್ದುಕೊಂಡದ್ದರಲ್ಲಿ ಬಹಳ ಹೊತ್ತು ಹೋಯಿತು. ಅಷ್ಟರಲ್ಲಿ ಹಿಂದಿನಿಂದ, ಉಡುತಡಿ ಕ್ರಾಸಿನ ಮೇಲೆ ಹಾದು ಬಂದ ಇನ್ನೊಂದು ಬಸ್ಸಿನಿಂದ ಜನ ಇಳಿದು ಹೋಟ್ಲಿಗೆ ನುಗ್ಗಿದರು.

ಅಲ್ಲಿಂದ ಮುಂದೆ, ಸೊರಬ ತಾಲ್ಲೂಕಿನ ಗಡಿ ದಾಟಿದ್ದೇ ತಡ, ಪರಮಶಿವಪ್ಪನ ಎಡಗೈ ಇಳಿದು ತೊಡೆಯ ಮೇಲೆ ಕೂತುಬಿಟ್ಟಿತು.

ಯಮುನಮ್ಮ: ಯಾಕೆ, ಕೈ ನೋವಾ? ಆಗ್ಲೇ ಒಬ್ರು ನಿಮಗೇ ಕೈ ಮುಗಿದ್ರು. ನಮ್ಮ ತವರಿನ ಕಡೆಯವ್ರು.

ಪರಮಶಿವಪ್ಪ: ಇರಬೋದು. ಅವ್ರ ಓಟು ನಮ್ಮ ಕ್ಷೇತ್ರದಾಗೆ ಇಲ್ಲ.

ಸೊರಬದ ಪ್ರವಾಸಿ ಮಂದಿರದ ಜಗಲಿಯ ಮೇಲೆ ಉಚ್ಚಂಗಪ್ಪನವರು ಬೆತ್ತದ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು. ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಫೋನು.

ಉಚ್ಚಂಗಪ್ಪ: ಬನ್ನಿ ಪರಮಶಿವಪ್ಪ. ನಿಮಗಿಂತ ಮುಂಚೆ ನಿಮ್ಮ ಸುದ್ದಿ ಬಂತು. ಶಿರಾಳಕೊಪ್ಪದ ಹೋಟ್ಲು ಆನಂದಪ್ಪ ಫೋನ್ ಮಾಡಿದ್ದ. ಬಸ್ಸಲ್ಲಿ ಬಂದೋರ ಬಾಯಲ್ಲೆಲ್ಲ ನಿಮ್ಮದೇ ಮಾತಂತೆ.

ಪರಮಶಿವಪ್ಪ: ಎಲ್ಲಾ ನಿಮ್ಮ ಆಶೀರ್ವಾದ.

ಉಚ್ಚಂಗಪ್ಪ: ಇದ್ರಲ್ಲಿ ನನ್ನ ಹೆಸ್ರು ತರಬೇಡಿ. ಉಜ್ಜಪ್ಪನಂಥ ಹಿರಿಯನಿಗೆ ಎಡಗೈ ಎತ್ತಿದ್ರಂತೆ?

ಪರಮಶಿವಪ್ಪ: ಗಾಡೀಗೆ ಕ್ಲಚ್ಚಿಲ್ಲ, ಯಜಮಾನ್ರೇ.

ಉಚ್ಚಂಗಪ್ಪ: ಕ್ಲಚ್ಚಿಲ್ದಿದ್ರೆ ಮರ್ಯಾದೆನೂ ಇರಬಾರ್ದಾ? ಬಸ್ಸಿನ ಜನಾನ ಬಿಸ್ಲಲ್ಲಿ ಇಳಿಸಿದ್ರಿ. ಹೆಣದ ಮುಂದೆ ನಕ್ಕಿರಿ. ವಿರೋಧಿಗಳಿಗೆ ಪ್ರಚಾರದ ಖರ್ಚೇ ಉಳಿಸಿದ್ರಿ ಬಿಡಿ.

ಪರಮಶಿವಪ್ಪ: ಹಂಗಾದ್ರೆ ಟಿಕೆಟ್ಟು?

ಪರಮಶಿವಪ್ಪನ ಮುಖ ಆಗಲೇ ಜಗಲಿಯ ಮುಖವಾಗುತ್ತಿತ್ತು. ಯಮುನಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮತ್ತೆ ಐದು ವರ್ಷ, ದೇವರೇ.

ಉಚ್ಚಂಗಪ್ಪ: ಟಿಕೆಟ್ ನಿಮ್ಮನೆಗೇ. ಉಜ್ಜಪ್ಪ ಹೇಳಿ ಕಳಿಸಿದ್ದೇನು ಗೊತ್ತಾ? ‘ಮುಂದೆ ಕೂತಿದ್ದೋನು ಎಡಗೈ ಎತ್ತಿದ, ಹಿಂದೆ ಕೂತಿದ್ದ ಹೆಣ್ಮಗಳು ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿದ್ಲು. ಆಕೆ ನಿಂತ್ರೆ ನಮ್ಮ ಕೇರಿ ಓಟು ಪೂರಾ ಆಕೆಗೆ.’ ಬಸ್ಸಿನೋರದ್ದೂ ಅದೇ ಮಾತು. ಯಮುನಮ್ಮಾ, ದಾರಿ ಉದ್ದಕ್ಕೂ ಪ್ರಚಾರ ಮಾಡ್ಕೊಂಡೇ ಬಂದಿದ್ದೀಯಲ್ಲ ತಾಯಿ.

ಯಮುನಮ್ಮ: ಪ್ರಚಾರ ಅಲ್ಲ ಮಾವ. ಇವರ ಪರವಾಗಿ ಕ್ಷಮೆ ಕೇಳ್ತಾ ಬಂದೆ.

ಉಚ್ಚಂಗಪ್ಪ: ಮತ್ತೆ ನಾವೆಲ್ಲ ಎಲೆಕ್ಷನ್ ಹೊತ್ತಲ್ಲಿ ಮಾಡೋದಾದ್ರೂ ಏನು? ಪರಮಶಿವಪ್ಪ, ಆ ಹಾರ ನನಗೆ ಬೇಡ. ಅಭ್ಯರ್ಥಿಗೆ ಹಾಕಿ.

ಪರಮಶಿವಪ್ಪ ಹಣ್ಣಿನ ಚೀಲವನ್ನು ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಹಾರ ಎತ್ತಿದ.

ಉಚ್ಚಂಗಪ್ಪ: ಎರಡೂ ಕೈಲಿ ಮಾರಾಯ್ರೇ.

ಮದುವೆಯಲ್ಲಿ ಹಾಕಿದ್ದೇ ಕೊನೆ, ಆಮೇಲೆ ಪರಮಶಿವಪ್ಪ ಹೆಂಡತಿಗೆ ಹೂವು ತಂದದ್ದೂ ಕಮ್ಮಿ. ಹಾರ ಭಾರವಾಗಿತ್ತು. ಯಮುನಮ್ಮನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಬೇಡ ಎನ್ನಲು ಬಾಯಿ ತೆರೆದವಳಿಗೆ ತನ್ನ ಹರಕೆ ನೆನಪಾಯಿತು. ಗಂಡ ಹೊರಗೆ ಹೋಗಲಿ ಎಂದು ಬೇಡಿಕೊಂಡಿದ್ದೇನೋ ನಿಜ. ಆದರೆ ಅವನು ಹೋದರೇನು, ತಾನು ಹೋದರೇನು? ಆ ಮುಖ ಕಣ್ಣೆದುರು ಇಲ್ಲದಿದ್ದರೆ ಆಯಿತು. ‘ಆಗಲಿ ಮಾವ’ ಎಂದಳು.

ವಾಪಸಾಗುವ ದಾರಿಯಲ್ಲಿ ಪರಮಶಿವಪ್ಪ ಶಿರಾಳಕೊಪ್ಪ ದಾಟುವಷ್ಟರಲ್ಲಿ ಚೇತರಿಸಿಕೊಂಡ.

ಪರಮಶಿವಪ್ಪ: ಆಗಿದ್ದು ಒಳ್ಳೇದೇ ಆತು. ಹೆಸರು ನಿಂದು, ಸೈನು ನಿಂದು. ಉಳಿದಿದ್ದೆಲ್ಲ ನಾನು ನೋಡ್ಕೋತೀನಿ. ನೀನು ಹಿಂದೆ ಆರಾಮ ಕೂತ್ಕೋ, ಓಡ್ಸೋನು ನಾನು.

ಯಮುನಮ್ಮ: ಆಗ್ಲಿ. ನೀವೇ ಓಡ್ಸಿ. ಎಲ್ಲಿ ನಿಲ್ಬೇಕು ಅಂತ ನಾನು ಹೇಳ್ತೀನಿ. ನಿಲ್ಸಿ ಈಗ.

ಪರಮಶಿವಪ್ಪ: ಇಲ್ಲೇನಾ? ಯಾಕೆ?

ಯಮುನಮ್ಮ: ಕ್ಲಚ್ಚಿಲ್ಲ, ಸರಿ. ಬ್ರೇಕ್ ಇದೆಯಲ್ಲ.

ಉಡುತಡಿ ಕ್ರಾಸಿನ ಕಟ್ಟೆಯ ಮೇಲೆ ಉಜ್ಜಪ್ಪಜ್ಜ ಬೆಳಿಗ್ಗೆ ಕೂತಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಪರಮಶಿವಪ್ಪ ಗಾಡಿ ನಿಲ್ಲಿಸಿದ, ಇಳಿದ, ಹೆಂಡತಿಯ ಮುಖ ನೋಡಿ ಚಪ್ಪಲಿಯನ್ನೂ ಬಿಟ್ಟ. ಎರಡೂ ಕೈ ಜೋಡಿಸಿ ಸೊಂಟ ಬಗ್ಗಿಸಿದ. ಯಮುನಮ್ಮ ಹಾರದ ಸಮೇತ ಪಕ್ಕದಲ್ಲೇ ನಿಂತಿದ್ದಳು.

ಉಜ್ಜಪ್ಪಜ್ಜ ಅವನನ್ನು ನೋಡಿದ, ಗಾಡಿಯನ್ನು ನೋಡಿದ, ಮತ್ತೆ ಅವನನ್ನು ನೋಡಿದ.

ಉಜ್ಜಪ್ಪ: ಯಾಕೋ ತಮ್ಮಾ, ಗಾಡಿ ಕೆಟ್ಟೋತೇನು?

ಯಮುನಮ್ಮ: ಇಲ್ಲಜ್ಜ. ಈಗ ರಿಪೇರಿ ಆಯ್ತು.